ಹೊನ್ನಗಪ್ಪೆ

ನೆಲಗಪ್ಪೆಯನ್ನು ಚೆಲುವಿನ ಪ್ರಾಣಿಯೆಂದು ಹೊಗಳಿದವರು ಲೋಕದಲ್ಲಿ ವಿರಳ. ಗಂಟುಗಂಟಾದ ಒರಟು ಚರ್ಮ, ಮಣ್ಣಿನ ಬಣ್ಣ, ಕುಪ್ಪಳಿಸುವುದಕ್ಕೂ ಬೇಸರಪಡುವಂತಹ ಮಂದಗತಿ. ಇವನ್ನು ಕಂಡು ಮಕ್ಕಳು ನಗುತ್ತಾರೆ, ಹಿರಿಯರು ಪೊರಕೆಯಿಂದ ಅಂಗಳಕ್ಕೆ ದಬ್ಬುತ್ತಾರೆ. ಕನ್ನಡದ ನುಡಿಗಟ್ಟುಗಳಲ್ಲಿಯೂ ಕಪ್ಪೆಗೆ ದೊರೆತಿರುವ ಸ್ಥಾನ ಅಷ್ಟೇನೂ ಗೌರವದ್ದಲ್ಲ. ಬಾವಿಯಾಚೆಗಿನ ಲೋಕವನ್ನು ಅರಿಯದವನು ಕೂಪಮಂಡೂಕ. ಒಮ್ಮತಕ್ಕೆ ಬಾರದ ಜನರನ್ನು ಒಂದೆಡೆ ಕೂಡಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ. ಮಳೆ ಕೈಕೊಟ್ಟ ವರ್ಷ ಮಾತ್ರ ಹಳ್ಳಿಯ ಜನರಿಗೆ ಅದರ ನೆನಪು ಬರುತ್ತದೆ. ಆಗ ಒಂದು ಜೊತೆ ಕಪ್ಪೆಗಳನ್ನು ಹಿಡಿದು ತಂದು, ಅರಿಸಿನ ಕುಂಕುಮ ಹಚ್ಚಿ, ಮದುವೆ ಮಾಡಿ ನೀರಿಗೆ ಬಿಡುವುದುಂಟು. ಮಳೆಗೂ ಕಪ್ಪೆಗೂ ಇರುವ ನಂಟನ್ನು ಹಿಂದಿನವರು ಚೆನ್ನಾಗಿ ಬಲ್ಲರು. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳಿಗೆಂದೇ ಮೀಸಲಾದ ಸೂಕ್ತವೊಂದಿದೆ.

ಇಂತಹ ನೆಲಗಪ್ಪೆಯ ಕುಲದಲ್ಲಿಯೇ, ಕಂಡವರು ಕಣ್ಣುಜ್ಜಿಕೊಂಡು ನೋಡುವಷ್ಟು ಸುಂದರವಾದ ಒಂದು ಜಾತಿ ಇದ್ದಿತು. ಅದು ವಾಸಿಸುತ್ತಿದ್ದುದು ಭೂಗೋಳದ ಇನ್ನೊಂದು ಬದಿಯಲ್ಲಿ, ಮಧ್ಯ ಅಮೆರಿಕದ ಕೋಸ್ಟರೀಕ ಎಂಬ ಪುಟ್ಟ ದೇಶದ ಒಂದೇ ಒಂದು ಬೆಟ್ಟದ ನೆತ್ತಿಯ ಮೇಲೆ. ಅದರ ವಾಸಸ್ಥಾನವೆಲ್ಲ ಸೇರಿ ಕೆಲವೇ ಚದರ ಕಿಲೋಮೀಟರುಗಳು. ಚುರುಕಾಗಿ ನಡೆಯಬಲ್ಲವನು ಬೆಳಗಿನ ಉಪಾಹಾರ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ಸೀಮೆಯನ್ನು ದಾಟಿಬಿಡಬಹುದಾಗಿದ್ದಿತು. ಅಷ್ಟು ಕಿರಿದಾದ ನೆಲದಲ್ಲಿ ಹುಟ್ಟಿ ಬೆಳೆದ ಆ ಜಾತಿಯನ್ನು ವಿಜ್ಞಾನಿಗಳು ಅರಿತದ್ದು 1964ರಲ್ಲಿ. ಅದನ್ನು ಮನುಷ್ಯರು ಕಡೆಯದಾಗಿ ಕಂಡದ್ದು 1989ರಲ್ಲಿ. ನಡುವೆ ಇರುವುದು ಇಪ್ಪತ್ತೈದು ವರ್ಷಗಳು ಮಾತ್ರ.

ಆ ಬೆಟ್ಟದ ಹೆಸರು ಮೊಂಟೆವರ್ಡೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಸಿರು ಬೆಟ್ಟ ಎಂದರ್ಥ. ಅದು ತಿಲರಾನ್ ಎಂಬ ಪರ್ವತಶ್ರೇಣಿಗೆ ಸೇರಿದ್ದು. ಪೂರ್ವದ ಕೆರಿಬಿಯನ್ ಸಮುದ್ರದಿಂದ ವರ್ಷದ ಬಹುಭಾಗ ಬೀಸುವ ವಾಣಿಜ್ಯ ಮಾರುತಗಳು ತೇವವನ್ನು ಹೊತ್ತು ತಂದು ಈ ಶ್ರೇಣಿಗೆ ಅಪ್ಪಳಿಸುತ್ತವೆ. ಗಾಳಿ ಬೆಟ್ಟವನ್ನೇರುತ್ತ ತಣ್ಣಗಾದಂತೆ ಅದರೊಳಗಿನ ಆವಿ ಮಂಜಾಗಿ, ಮೋಡವಾಗಿ ಕಾಡಿನೊಳಗೇ ನುಗ್ಗುತ್ತದೆ. ಅಲ್ಲಿ ಮೋಡವು ಆಕಾಶದಲ್ಲಿ ತೇಲುವ ವಸ್ತುವಲ್ಲ. ಮರಗಳ ಸಂದಿಯಲ್ಲಿ ನಡೆದಾಡುವ ವಸ್ತು. ಎಲೆಗಳೂ ಹಾವಸೆಯೂ ಆ ಮಂಜನ್ನು ಹಿಡಿದು ಹನಿಹನಿಯಾಗಿ ನೆಲಕ್ಕಿಳಿಸುವುದರಿಂದ ಮಳೆ ಬಾರದ ದಿನಗಳಲ್ಲಿಯೂ ಕಾಡು ತೊಟ್ಟಿಕ್ಕುತ್ತಿರುತ್ತದೆ. ಇದಕ್ಕೇ ಮೋಡಗಾಡು ಎಂದು ಹೆಸರು. ಕುದುರೆಮುಖ, ಬಾಬಾಬುಡನ್‌ಗಿರಿಗಳ ಕಣಿವೆಗಳಲ್ಲಿ ಮಳೆಗಾಲದ ನಡುವೆ ಶೋಲಾ ಕಾಡುಗಳನ್ನು ಹೊಕ್ಕವರಿಗೆ ಇಂತಹ ಕಾಡಿನ ಒಂದು ಕಲ್ಪನೆ ಬಂದೀತು. ಆದರೆ ಅಲ್ಲಿನ ಮಂಜು ಋತುಮಾನದ ಅತಿಥಿ. ಮೊಂಟೆವರ್ಡೆಯ ಮಂಜು ಮನೆಯ ಯಜಮಾನ. ಬೆಟ್ಟದ ತೀರ ಮೇಲ್ಗಡೆ, ಗಾಳಿಯ ಹೊಡೆತಕ್ಕೆ ಸಿಕ್ಕ ಮರಗಳು ಕುಬ್ಜವಾಗಿ, ತಿರುಚಿಕೊಂಡು, ಬುಡದಿಂದ ತುದಿಯವರೆಗೆ ಹಾವಸೆ ಹೊದ್ದು ನಿಂತಿರುತ್ತವೆ. ಸಮುದ್ರಮಟ್ಟದಿಂದ ಸುಮಾರು 1500 ಮೀಟರಿಗೂ ಮೇಲೆ, ಈ ಕುಬ್ಜವೃಕ್ಷಗಳ ಬೇರುಗಳ ನಡುವೆ ಹೊನ್ನಗಪ್ಪೆಯ ಮನೆ.

ಆ ಕಾಡು ಉಳಿದು ಬಂದ ಕಥೆಯೂ ಕೇಳತಕ್ಕದ್ದೇ. ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮ ಪ್ರಾಂತದ ಫೇರ್‌ಹೋಪ್ ಎಂಬ ಊರಿನಲ್ಲಿ ಕ್ವೇಕರ್ ಪಂಥದ ಕೆಲವು ಕುಟುಂಬಗಳಿದ್ದವು. ಯುದ್ಧವೇ ಪಾಪವೆಂದು ನಂಬಿದ ಕ್ರೈಸ್ತರು ಇವರು. ಸೈನ್ಯಕ್ಕೆ ಹೆಸರು ನೋಂದಾಯಿಸಲು ಒಪ್ಪದ ಅವರ ನಾಲ್ವರು ತರುಣರು 1949ರಲ್ಲಿ ಸೆರೆಮನೆಗೆ ಹೋಗಬೇಕಾಯಿತು. ಅದೇ ಸುಮಾರಿಗೆ, 1948ರಲ್ಲಿ, ಕೋಸ್ಟರೀಕ ತನ್ನ ಸೈನ್ಯವನ್ನೇ ವಿಸರ್ಜಿಸಿದ್ದಿತು. ಸೈನ್ಯವಿಲ್ಲದ ದೇಶವಿರುವಾಗ ಬೇರೆ ನಾಡಿನಲ್ಲಿರುವುದೇಕೆ ಎಂದು ನಲವತ್ತಕ್ಕೂ ಹೆಚ್ಚು ಮಂದಿ ಮನೆಮಠ ಮಾರಿ ಹೊರಟುಬಂದು, 1951ರಲ್ಲಿ ಈ ಬೆಟ್ಟದಲ್ಲಿ ನೆಲೆಸಿದರು. ಹಸು ಸಾಕಿ, ಗಿಣ್ಣು ತಯಾರಿಸಿ ಜೀವನ ಸಾಗಿಸಿದರು. ಕೊಂಡ ನೆಲವನ್ನೆಲ್ಲ ಹುಲ್ಲುಗಾವಲು ಮಾಡಲಿಲ್ಲ. ಹೊಳೆಯ ಮೂಲ ಬತ್ತಬಾರದೆಂದು ನೆತ್ತಿಯ ಸುಮಾರು 550 ಹೆಕ್ಟೇರ್ ಕಾಡಿಗೆ ಕೊಡಲಿ ತಾಗಿಸದೆ ಬಿಟ್ಟರು. ಅವರಿಗೆ ಬೇಕಾಗಿದ್ದುದು ನೀರು. ತಾವು ಒಂದು ಕಪ್ಪೆಯ ಮನೆಯನ್ನೂ ಕಾಯುತ್ತಿದ್ದೇವೆಂಬುದು ಆಗ ಅವರಿಗೆ ತಿಳಿಯದು. 1972ರಲ್ಲಿ ಅದೇ ಬೆಟ್ಟದಲ್ಲಿ ಮೋಡಗಾಡಿನ ರಕ್ಷಿತಾರಣ್ಯವೊಂದು ಸ್ಥಾಪನೆಯಾಯಿತು. ಹೊನ್ನಗಪ್ಪೆಗೆ ಕಾವಲುಗಾರರೂ ದೊರೆತಂತಾಯಿತು.

ಈ ಕಪ್ಪೆಯನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವರು ಜೇ ಸ್ಯಾವೇಜ್ ಎಂಬ ಪ್ರಾಣಿಶಾಸ್ತ್ರಜ್ಞರು. ಕೋಸ್ಟರೀಕದ ಕಪ್ಪೆ ಹಾವುಗಳನ್ನು ಆಳವಾಗಿ ಅಭ್ಯಸಿಸಿದವರು ಅವರು. ಅಂಥವರೂ ಮೊದಲು ಇದನ್ನು ಕಂಡಾಗ, ಯಾರೋ ಕಪ್ಪೆಯನ್ನು ಹಿಡಿದು ಎನಾಮೆಲ್ ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದು ತಮಾಷೆ ಮಾಡುತ್ತಿರಬೇಕೆಂದು ಸಂಶಯಪಟ್ಟರಂತೆ. ಸಂಶಯಕ್ಕೆ ಕಾರಣವೂ ಇದ್ದಿತು. ಗಂಡುಕಪ್ಪೆ ಮೂಗಿನಿಂದ ಕಾಲ್ಬೆರಳವರೆಗೆ ಒಂದೇ ಬಣ್ಣ. ಮಾಗಿದ ಕಿತ್ತಳೆಯ ಹೊಳೆಹೊಳೆವ ಬಣ್ಣ. ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ. ನೆಲಗಪ್ಪೆಗಳಿಗೆ ಸಹಜವಾದ ಮಣ್ಣುಬಣ್ಣ ಎಲ್ಲಿಯೂ ಇಲ್ಲ. ಉದ್ದ ಹೆಚ್ಚೆಂದರೆ ಐದು ಸೆಂಟಿಮೀಟರ್. ಹೆಣ್ಣಾದರೋ ಗಾತ್ರದಲ್ಲಿ ಸ್ವಲ್ಪ ದೊಡ್ಡದು, ಬಣ್ಣದಲ್ಲಿ ಪೂರ್ಣ ಬೇರೆ. ಕಪ್ಪಿಗೆ ತಿರುಗಿದ ಹಸಿರು ಮೈ. ಅದರ ಮೇಲೆ ಹಳದಿಯ ಅಂಚುಳ್ಳ ಕಡುಗೆಂಪು ಮಚ್ಚೆಗಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ಜಾತಿಯವೆಂದು ನಂಬುವುದು ಕಷ್ಟ. 1966ರಲ್ಲಿ ಸ್ಯಾವೇಜ್ ಅದರ ವರ್ಣನೆಯನ್ನು ಪ್ರಕಟಿಸಿ, ಥಳಥಳಿಸುವಂಥದು ಎಂಬರ್ಥದ ಗ್ರೀಕ್ ಮಾತಿನಿಂದ ಪೆರಿಗ್ಲೆನೆಸ್ ಎಂದು ಹೆಸರಿಟ್ಟರು. ಇಂದಿನ ಶಾಸ್ತ್ರಗ್ರಂಥಗಳಲ್ಲಿ ಅದು ಇನ್ಸಿಲಿಯಸ್ ಪೆರಿಗ್ಲೆನೆಸ್.

ಇಷ್ಟು ಬಣ್ಣ ಹೊತ್ತ ಪ್ರಾಣಿ ಬದುಕಿನ ಬಹುಕಾಲವನ್ನು ಕತ್ತಲೆಯಲ್ಲಿಯೇ ಕಳೆಯುತ್ತಿತ್ತೆಂಬುದು ಸೋಜಿಗ. ವರ್ಷದ ಹತ್ತು ತಿಂಗಳಿಗೂ ಹೆಚ್ಚು ಕಾಲ ಅದರ ಸುಳಿವೇ ಇರುತ್ತಿರಲಿಲ್ಲ. ಬೇರುಗಳ ಕೆಳಗಿನ ಒದ್ದೆಯಾದ ಪೊಟರೆಗಳಲ್ಲಿ, ಹಾವಸೆಯ ಅಡಿಯಲ್ಲಿ, ನೆಲದೊಳಗೆ ಅಡಗಿರುತ್ತಿದ್ದಿತೆಂದು ಊಹೆ. ಏಪ್ರಿಲ್ ತಿಂಗಳ ಸುಮಾರಿಗೆ, ಬೇಸಗೆ ಮುಗಿದು ಮೊದಲ ಮಳೆ ಬಿದ್ದು, ಮರದ ಬುಡದ ಬೇರುಗಳ ನಡುವಣ ತಗ್ಗುಗಳಲ್ಲಿ ನೀರು ನಿಂತಾಗ ಗಂಡುಗಳು ನೂರಾರು ಸಂಖ್ಯೆಯಲ್ಲಿ ಒಮ್ಮೆಲೇ ಹೊರಬರುತ್ತಿದ್ದವು. ಕರಿಮಣ್ಣಿನ ಮೇಲೆ, ಬೂದುಬಣ್ಣದ ಮಂಜಿನಲ್ಲಿ, ಕೆಂಡ ಚೆಲ್ಲಿದಂತೆ ಕುಳಿತು ಹೆಣ್ಣುಗಳಿಗಾಗಿ ಕಾಯುತ್ತಿದ್ದವು. ಕನ್ನಡನಾಡಿನ ಕೆರೆಗಳ ಕಪ್ಪೆಗಳಂತೆ ಊರೆಲ್ಲ ಮೊಳಗುವ ಗಂಟಲು ಇವುಗಳಿಗಿರಲಿಲ್ಲ. ದನಿ ಬಲು ಕ್ಷೀಣ. ಹೆಣ್ಣುಗಳು ಬಲು ಕಡಿಮೆ ಬರುತ್ತಿದ್ದುದರಿಂದ ಪೈಪೋಟಿ ವಿಪರೀತ. ಚಲಿಸಿದ್ದನ್ನೆಲ್ಲ ಗಂಡುಗಳು ಅಪ್ಪಿಕೊಳ್ಳುತ್ತಿದ್ದವು. ಒಂದರ ಮೇಲೊಂದು ಬಿದ್ದು ಎಂಟು ಹತ್ತು ಕಪ್ಪೆಗಳು ಉಂಡೆಯಾಗಿ ಉರುಳಾಡುವುದೂ ಉಂಟಾಗಿತ್ತು. ಕೆಲವೇ ದಿನಗಳಲ್ಲಿ ಈ ಸಂಭ್ರಮ ಮುಗಿದು ಎಲ್ಲವೂ ಮತ್ತೆ ಭೂಗತ. ನೀರಿನಲ್ಲಿ ಉಳಿಯುತ್ತಿದ್ದುದು ಪ್ರತಿ ಹೆಣ್ಣೂ ಇಟ್ಟ ಇನ್ನೂರರಿಂದ ನಾನ್ನೂರು ಮೊಟ್ಟೆಗಳು ಮಾತ್ರ. ಅವು ಒಡೆದು ಗೊದಮೊಟ್ಟೆಗಳಾಗಿ, ಗೊದಮೊಟ್ಟೆಗಳಿಗೆ ಕಾಲು ಮೂಡಿ ನೆಲಕ್ಕೇರುವುದಕ್ಕೆ ಸುಮಾರು ಐದು ವಾರಗಳು ಬೇಕು. ಆ ಐದು ವಾರ ಬೊಗಸೆಯಷ್ಟು ನೀರು ಆರದಿರಬೇಕು; ಜೋರಾದ ಮಳೆ ಬಂದು ಎಲ್ಲವನ್ನೂ ಕೊಚ್ಚಿಕೊಂಡೂ ಹೋಗಬಾರದು. ಹೊನ್ನಗಪ್ಪೆಯ ವಂಶವೆಲ್ಲ ನಿಂತದ್ದು ಈ ಎರಡು ಷರತ್ತುಗಳ ಮೇಲೆ.

1987ರ ವಸಂತದಲ್ಲಿ ಮಾರ್ತಾ ಕ್ರಂಪ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞೆ ಆ ಬೆಟ್ಟದಲ್ಲಿದ್ದರು. ಏಪ್ರಿಲ್ ಮಧ್ಯಭಾಗದಲ್ಲಿ ಕಪ್ಪೆಗಳು ಹೊರಬಂದವು. ಪಾತ್ರೆ ತೊಳೆಯುವ ತೊಟ್ಟಿಗಿಂತ ದೊಡ್ಡದಲ್ಲದ ಒಂದು ಹೊಂಡದಲ್ಲಿ 133 ಕಪ್ಪೆಗಳನ್ನು ಅವರು ಎಣಿಸಿದರು. ಆದರೆ ಆ ವರ್ಷ ಮಳೆ ಮುಂದುವರಿಯಲಿಲ್ಲ. ಐದು ದಿನಗಳಲ್ಲಿ ಹೊಂಡಗಳು ಬತ್ತತೊಡಗಿದವು. ಇಟ್ಟ ಮೊಟ್ಟೆಗಳು ಕೆಸರಿನಲ್ಲಿ ಬೂಷ್ಟು ಹಿಡಿದು ಕೊಳೆತವು. ಮೇ ತಿಂಗಳಲ್ಲಿ ಮತ್ತೆ ಮಳೆಯಾದಾಗ ಕಪ್ಪೆಗಳು ಮತ್ತೆ ಬಂದವು, ಮತ್ತೆ ಮೊಟ್ಟೆಯಿಟ್ಟವು. ಆ ನೀರೂ ಆರಿತು. ಕ್ರಂಪ್ ಲೆಕ್ಕವಿಟ್ಟ ಹತ್ತು ಹೊಂಡಗಳಲ್ಲಿ ಆ ಋತುವಿನ ಮೊಟ್ಟೆಗಳು 43,500ರಷ್ಟು. ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಿದ ಗೊದಮೊಟ್ಟೆಗಳು ಇಪ್ಪತ್ತೊಂಬತ್ತು.

ಇದು ನಷ್ಟವೇ ಸರಿ. ಆದರೂ ಆಗ ಯಾರೂ ಎದೆಗುಂದಲಿಲ್ಲ. ಒಂದು ವರ್ಷದ ಬೆಳೆ ಹೋದರೆ ರೈತ ಬೇಸಾಯ ಬಿಡುತ್ತಾನೆಯೇ? ಆ ಬೆಟ್ಟದಲ್ಲಿ ಆ ವರ್ಷ ಒಟ್ಟು ಕಂಡಿದ್ದ ವಯಸ್ಕ ಕಪ್ಪೆಗಳು ಸಾವಿರದ ಐನೂರಕ್ಕೂ ಮೇಲು. ಬರುವ ವರ್ಷ ಮಳೆಯಾದರೆ ಇವೇ ಹೊರಬಂದು ಮೊಟ್ಟೆಯಿಡುವುವೆಂಬ ಧೈರ್ಯ ಎಲ್ಲರಿಗೂ ಇದ್ದಿತು. ಬರುವ ವರ್ಷ, 1988ರಲ್ಲಿ, ಆ ಮುಖ್ಯ ಹೊಂಡಗಳ ಬಳಿ ಕಾಣಿಸಿದ್ದು ಒಂದೇ ಒಂದು ಗಂಡುಕಪ್ಪೆ. ಸುತ್ತಲಿನ ಬೆಟ್ಟವನ್ನೆಲ್ಲ ಜಾಲಾಡಿದರೂ ದೊರೆತವು ಹತ್ತರ ಆಸುಪಾಸು. 1989ರ ಮೇ 15ರಂದು, ಹಿಂದಿನ ವರ್ಷದ ಒಂಟಿ ಗಂಡು ಕುಳಿತಿದ್ದ ಎಡೆಗೆ ಕೆಲವೇ ಹೆಜ್ಜೆಗಳ ಅಂತರದಲ್ಲಿ, ಮತ್ತೊಂದು ಒಂಟಿ ಗಂಡು ಕಾಣಿಸಿತು. ಅದು ಹಿಂದಿನ ವರ್ಷದ್ದೇ ಆಗಿದ್ದರೂ ಇರಬಹುದು. ಹೆಣ್ಣುಗಳಿರಲಿಲ್ಲ, ಅದು ಕಾದು ಕುಳಿತಿತ್ತು. ಅನಂತರ ಹೊನ್ನಗಪ್ಪೆಯನ್ನು ಕಂಡ ದೃಢವಾದ ದಾಖಲೆಯಿಲ್ಲ.

ಭೂಮಿಯೊಳಗೆ ಅಡಗಿ ಬಾಳುವ ಪ್ರಾಣಿಯ ವಿಷಯದಲ್ಲಿ ಒಂದು ತೊಡಕುಂಟು. ಹುಲಿ ಸತ್ತರೆ ಕಳೇಬರ ಸಿಕ್ಕುತ್ತದೆ, ಮರ ಬಿದ್ದರೆ ಬೊಡ್ಡೆ ಉಳಿಯುತ್ತದೆ. ಹೊನ್ನಗಪ್ಪೆಯ ಸಾವನ್ನು ಕಂಡವರೇ ಇಲ್ಲ. ಸತ್ತ ಒಂದು ಕಪ್ಪೆಯೂ ಪರೀಕ್ಷೆಗೆ ದೊರೆಯಲಿಲ್ಲ. ಆದುದರಿಂದ ಒಳ್ಳೆಯ ಮಳೆಗಾಗಿ ನೆಲದೊಳಗೆ ಕಾದಿವೆಯೋ, ಅಳಿದೇ ಹೋಗಿವೆಯೋ ಎಂಬ ಪ್ರಶ್ನೆಯನ್ನು ಕ್ರಂಪ್ ಮತ್ತು ಅವರ ಸಂಗಡಿಗರು 1992ರಲ್ಲಿಯೂ ತೆರೆದೇ ಇಟ್ಟಿದ್ದರು. ಪ್ರತಿ ಏಪ್ರಿಲ್‌ನಲ್ಲಿಯೂ ಹುಡುಕುವವರು ಬೆಟ್ಟ ಹತ್ತಿದರು, ಹೊಂಡಗಳನ್ನು ನೋಡಿ ಇಳಿದು ಬಂದರು. ಹೀಗೆ ಹದಿನೈದು ವರ್ಷ ಕಳೆದ ಮೇಲೆ, 2004ರಲ್ಲಿ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಈ ಜಾತಿ ನಿರ್ನಾಮವಾಗಿದೆಯೆಂದು ತನ್ನ ಪಟ್ಟಿಯಲ್ಲಿ ದಾಖಲಿಸಿತು.

ಹೊನ್ನಗಪ್ಪೆ ಒಂಟಿಯಾಗಿ ಹೋಗಲಿಲ್ಲ. ಮೊಂಟೆವರ್ಡೆಯ ಸುತ್ತಣ ಮೂವತ್ತು ಚದರ ಕಿಲೋಮೀಟರಿನಲ್ಲಿ ಐವತ್ತು ಜಾತಿಯ ಕಪ್ಪೆಗಳಿದ್ದವು. 1987ರ ತರುವಾಯ ಅವುಗಳಲ್ಲಿ ಇಪ್ಪತ್ತು ಜಾತಿಗಳು ಕಾಣದಾದವು. 1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಕಪ್ಪೆ ಹಾವುಗಳ ಅಭ್ಯಾಸಿಗಳ ಮೊದಲ ವಿಶ್ವಸಮ್ಮೇಳನ ನಡೆಯಿತು. ಅಲ್ಲಿಗೆ ಬಂದ ವಿಜ್ಞಾನಿಗಳು ಮಾತಿಗೆ ಕುಳಿತಾಗ, ತಮ್ಮ ಕಪ್ಪೆಗಳು ಕಾಣುತ್ತಿಲ್ಲವೆಂದು ಆಸ್ಟ್ರೇಲಿಯದವರೂ ಹೇಳಿದರು, ಅಮೆರಿಕದವರೂ ಹೇಳಿದರು. ಒಬ್ಬೊಬ್ಬರೂ ತಮ್ಮ ಹಳ್ಳಕ್ಕೆ ಮಾತ್ರ ಬಂದ ಕೇಡೆಂದು ತಿಳಿದಿದ್ದುದು ಲೋಕವ್ಯಾಪಿಯಾದ ಕೇಡೆಂದು ಆಗ ಬೆಳಕಿಗೆ ಬಂದಿತು.

ಕಾಡು ಕಡಿದಿದ್ದರೆ ಕಾರಣ ಹುಡುಕಬೇಕಾಗಿರಲಿಲ್ಲ. ಇಲ್ಲಿ ಮರಗಳಿದ್ದವು, ಹಾವಸೆಯಿತ್ತು, ಕಾವಲಿತ್ತು. ಕಪ್ಪೆ ಮಾತ್ರ ಇರಲಿಲ್ಲ. ಆದುದರಿಂದ ವಿದ್ವಾಂಸರಲ್ಲಿ ವಾದವೆದ್ದಿತು. ಒಂದು ಪಕ್ಷದವರು ಮೋಡದ ಕಡೆ ಬೆರಳು ತೋರಿಸಿದರು. ಸಮುದ್ರ ಬಿಸಿಯಾದಂತೆಲ್ಲ ಮೋಡ ಹುಟ್ಟುವ ಎತ್ತರ ಮೇಲೇರುತ್ತದೆ. ಬೆಟ್ಟದ ಮೈಗೆ ತಾಗುತ್ತಿದ್ದ ಮಂಜು ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಮೊಂಟೆವರ್ಡೆಯಲ್ಲಿ ಬೇಸಗೆಯ ಕಾಲದಲ್ಲಿ ಮಂಜು ಹನಿಯದ ದಿನಗಳು 1970ರ ದಶಕದಿಂದ ಹೆಚ್ಚುತ್ತ ಬಂದಿದ್ದವೆಂದು ಅಲ್ಲಿಯೇ ನೆಲೆಸಿದ್ದ ಆ್ಯಲನ್ ಪೌಂಡ್ಸ್ ಮತ್ತು ಅವರ ಸಂಗಡಿಗರು 1999ರಲ್ಲಿ ತೋರಿಸಿದರು. ತಪ್ಪಲಿನ ಟೂಕನ್ ಹಕ್ಕಿ ಮೇಲೇರಿ ಬಂದು ಎತ್ತರದ ಕೆತ್ಸಾಲ್ ಹಕ್ಕಿಯ ನೆರೆಯಲ್ಲಿ ಗೂಡುಮಾಡತೊಡಗಿದ್ದಿತು. ಹಕ್ಕಿಗೆ ರೆಕ್ಕೆಯುಂಟು, ಮೇಲೇರೀತು. ಬೆಟ್ಟದ ನೆತ್ತಿಯ ಮೇಲೆಯೇ ಇರುವ ಕಪ್ಪೆ ಇನ್ನೆಲ್ಲಿಗೆ ಏರಬೇಕು?

ಇನ್ನೊಂದು ಪಕ್ಷದವರು 2010ರಲ್ಲಿ ಆ ಕಾಡಿನ ಮರಗಳ ಕಾಂಡದಿಂದಲೇ ಹಿಂದಿನ ಶತಮಾನದ ತೇವದ ಲೆಕ್ಕವನ್ನು ಓದಿದರು. 1986-87ರ ಒಣಹವೆ ಅತಿ ತೀವ್ರವಾದುದು ನಿಜ. ಆದರೆ ಅದಕ್ಕೆ ಕಾರಣ ಪೆಸಿಫಿಕ್ ಸಾಗರ ಆಗಾಗ ಕಾವೇರುವ ಎಲ್ ನಿನೋ ಎಂಬ ವಿದ್ಯಮಾನವೇ ಹೊರತು ದೀರ್ಘಕಾಲದ ಬದಲಾವಣೆಯಲ್ಲ ಎಂದು ವಾದಿಸಿದರು. ಅದೇ 1987ರಲ್ಲಿ ಭಾರತದಲ್ಲಿಯೂ ಮುಂಗಾರು ಸೋತು ಭೀಕರ ಬರಗಾಲ ಬಂದುದನ್ನು ಹಿರಿಯರು ಮರೆತಿರಲಾರರು. ಇಲ್ಲಿ ರೈತನ ಹೊಲವನ್ನು ಒಣಗಿಸಿದ ವರ್ಷವೇ ಅಲ್ಲಿ ಕಪ್ಪೆಯ ಹೊಂಡಗಳನ್ನೂ ಒಣಗಿಸಿದ್ದಿತು.

ಆದರೆ ಬರಗಾಲಗಳು ಹಿಂದೆಯೂ ಬಂದಿದ್ದವು. ಹೊನ್ನಗಪ್ಪೆ ಅವನ್ನೆಲ್ಲ ಉತ್ತರಿಸಿ ಬಾಳಿತ್ತು. ಈ ಬಾರಿ ಬರದ ಜೊತೆಗೆ ಇನ್ನೊಬ್ಬ ಶತ್ರುವೂ ಬಂದಿದ್ದನೆಂಬುದಕ್ಕೆ ಸಾಕ್ಷ್ಯ ಬಲವಾಗಿದೆ. 1990ರ ದಶಕದ ಕೊನೆಗೆ ಆಸ್ಟ್ರೇಲಿಯದಲ್ಲಿಯೂ ಪನಾಮದಲ್ಲಿಯೂ ಸತ್ತ ಕಪ್ಪೆಗಳ ಚರ್ಮದಲ್ಲಿ ಕೈಟ್ರಿಡ್ ವರ್ಗದ ಹೊಸ ಶಿಲೀಂಧ್ರವೊಂದು ಪತ್ತೆಯಾಯಿತು. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಕಪ್ಪೆಯ ಪಾಲಿಗೆ ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ಅದು ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ, ಮೈಯೊಳಗಿನ ಲವಣಗಳನ್ನು ಚರ್ಮದಿಂದಲೇ ಹದದಲ್ಲಿಡುತ್ತದೆ. ಶಿಲೀಂಧ್ರ ಚರ್ಮವನ್ನು ಕೆಡಿಸಿದಾಗ ಲವಣಗಳ ಹದ ತಪ್ಪಿ ಕೊನೆಗೆ ಹೃದಯ ನಿಂತುಹೋಗುತ್ತದೆ. 2011ರಲ್ಲಿ ಸಂಶೋಧಕರು ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದ ಹಳೆಯ ಕಪ್ಪೆಗಳ ಚರ್ಮವನ್ನು ಪರೀಕ್ಷಿಸಿ, 1987ರ ಹೊತ್ತಿಗೆ ಈ ಶಿಲೀಂಧ್ರ ಮೊಂಟೆವರ್ಡೆಗೆ ಕಾಲಿಟ್ಟಿತ್ತೆಂದು ಕಂಡುಕೊಂಡರು. ಹೊಂಡಗಳು ಕಡಿಮೆಯಾದ ವರ್ಷ, ಉಳಿದ ಕೆಲವೇ ಹೊಂಡಗಳಲ್ಲಿ ಕಪ್ಪೆಗಳು ಒತ್ತೊತ್ತಾಗಿ ಕೂಡಿದ್ದವೆಂಬುದನ್ನು ನೆನೆದರೆ, ರೋಗ ಮೈಯಿಂದ ಮೈಗೆ ಹರಡುವುದು ಎಷ್ಟು ಸುಲಭವಾಗಿತ್ತೆಂಬುದು ತಿಳಿಯುತ್ತದೆ. ಜಗತ್ತಿನಾದ್ಯಂತ ಐನೂರಕ್ಕೂ ಹೆಚ್ಚು ಉಭಯವಾಸಿ ಜಾತಿಗಳು ಈ ರೋಗದಿಂದ ಕ್ಷೀಣಿಸಿವೆಯೆಂದೂ, ತೊಂಬತ್ತು ಜಾತಿಗಳು ಅಳಿದಿರಬಹುದೆಂದೂ 2019ರ ಒಂದು ಅಧ್ಯಯನದ ಅಂದಾಜು. ಪಶ್ಚಿಮಘಟ್ಟದ ಕಪ್ಪೆಗಳ ಮೈಮೇಲೆಯೂ ಈ ಶಿಲೀಂಧ್ರ ಕಂಡುಬಂದಿದೆ. ಆದರೆ ಅಲ್ಲಿ ಅಂತಹ ಸಾಮೂಹಿಕ ಮರಣ ವರದಿಯಾಗಿಲ್ಲ.

ವಿಧಿಯ ವಿನೋದವೋ ಏನೋ, ಕಪ್ಪೆಗಳ ಕಡೆಯ ಮಹಾಮೇಳ ನಡೆದ 1987ರಲ್ಲಿಯೇ ಸ್ವೀಡನ್ ದೇಶದ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯೊಬ್ಬರು ಮಳೆಕಾಡುಗಳ ಪಾಠ ಮಾಡುತ್ತಿದ್ದರು. ಕಾಡು ಕಡಿಯುವವರಿಂದ ಕಾಡನ್ನು ನಾವೇ ಕೊಂಡುಕೊಂಡರಾಗದೆ ಎಂದು ಒಂಬತ್ತು ವರ್ಷದ ಬಾಲಕನೊಬ್ಬ ಕೇಳಿದನು. ಮಕ್ಕಳು ಹಾಡಿ, ನಾಟಕವಾಡಿ ಹಣ ಕೂಡಿಸಿ ಮೊಂಟೆವರ್ಡೆಯಲ್ಲಿ ಒಂದು ತುಂಡು ಕಾಡು ಕೊಂಡರು. ಆ ಸುದ್ದಿ ಹಬ್ಬಿ ನಲವತ್ತಕ್ಕೂ ಹೆಚ್ಚು ದೇಶಗಳ ಮಕ್ಕಳು ಕೈಗೂಡಿಸಿದರು. ಇಂದು ಮಕ್ಕಳ ಶಾಶ್ವತ ಮಳೆಕಾಡೆಂದು ಹೆಸರಾದ ಆ ಅರಣ್ಯದ ವಿಸ್ತಾರ ಇಪ್ಪತ್ತೆರಡು ಸಾವಿರ ಹೆಕ್ಟೇರಿಗೂ ಮಿಗಿಲು. ಕಪ್ಪೆ ಮರೆಯಾದ ವರ್ಷಗಳಲ್ಲಿಯೇ ಕಾಡು ಹೀಗೆ ಬೆಳೆಯಿತು. ಆ ಕಾಡುಗಳಲ್ಲಿ, ಕಳೆದುಹೋದುವೆಂದು ತಿಳಿದಿದ್ದ ಕೆಲವು ಕಪ್ಪೆಗಳು ಮತ್ತೆ ಕಾಣಿಸಿಕೊಂಡಿವೆ. ತೊರೆಯ ಬದಿಯ ಪುಟ್ಟ ಮರಗಪ್ಪೆಯೊಂದು ಇಪ್ಪತ್ತು ವರ್ಷಗಳ ಬಳಿಕ 2007ರಲ್ಲಿ ಮೊಂಟೆವರ್ಡೆಯಲ್ಲಿ ದೊರೆತಾಗ, ಹೊನ್ನಗಪ್ಪೆಯೂ ಎಲ್ಲಿಯಾದರೂ ಉಳಿದಿರಬಹುದೆಂಬ ಆಸೆ ಹಲವರಲ್ಲಿ ಚಿಗುರಿತು. ಏಪ್ರಿಲ್ ಬಂದಾಗ ಆ ಆಸೆಯಿಂದಲೇ ಬೆಟ್ಟ ಹತ್ತಿದವರುಂಟು. ಬೇರುಗಳ ನಡುವಣ ತಗ್ಗುಗಳಲ್ಲಿ ನೀರು ಈಗಲೂ ನಿಲ್ಲುತ್ತದೆ.

ಹೊನ್ನಗಪ್ಪೆಯನ್ನು ಇಂದು ನೋಡಬೇಕಾದರೆ ವಸ್ತುಸಂಗ್ರಹಾಲಯಗಳ ಕಪಾಟುಗಳಿಗೆ ಹೋಗಬೇಕು. ಹಿಂದೆ ಹಿಡಿದು ತಂದ ಕಪ್ಪೆಗಳನ್ನು ಅಲ್ಲಿ ಮದ್ಯಸಾರದ ಸೀಸೆಗಳಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಎಲುಬಿನ ಉದ್ದ, ಬೆರಳಿನ ಆಕಾರ, ಚರ್ಮದ ಪದರ ಎಲ್ಲವನ್ನೂ ಅಳೆದು ನೋಡಬಹುದು. ಮದ್ಯಸಾರದಲ್ಲಿ ಆ ಕಿತ್ತಳೆಯ ಬಣ್ಣ ಮಾತ್ರ ನಿಲ್ಲುವುದಿಲ್ಲ. ಯಾರೋ ಬಣ್ಣದ ಡಬ್ಬಿಯಲ್ಲಿ ಅದ್ದಿರಬೇಕೆಂದು ಸ್ಯಾವೇಜರಿಗೆ ಅನುಮಾನ ಹುಟ್ಟಿಸಿದ ಆ ಮೈ ಸೀಸೆಯೊಳಗೆ ಬಿಳಿಚಿಕೊಂಡು, ಬೇರೆ ಯಾವುದೇ ನೆಲಗಪ್ಪೆಯ ಮೈಯಂತೆ ಕಾಣುತ್ತದೆ.